ಕಾಗೆಕಾಲು, ಗುಬ್ಬಿಕಾಲು

ಓದಲು ಬಾರದಂತೆ ಅಂಕುಡೊಂಕಾಗಿರುವ ಕೈಬರಹವನ್ನು ಕನ್ನಡದಲ್ಲಿ ‘ಕಾಗೆಕಾಲು, ಗುಬ್ಬಿಕಾಲು’ ಎನ್ನುವುದುಂಟು. “ಇದೇನಯ್ಯಾ, ಕಾಗೆಕಾಲು ಗುಬ್ಬಿಕಾಲು ಬರೆದಿದ್ದೀಯೆ!” ಎಂದು ಉಪಾಧ್ಯಾಯರು ಗದರಿಸುವುದನ್ನು ಕೇಳದ ವಿದ್ಯಾರ್ಥಿಗಳು ವಿರಳ. ಈ ಮಾತಿನ ಅರ್ಥವೇನೆಂಬುದನ್ನು ವಿಚಾರಮಾಡೋಣ.

ಕೆರೆಯಂಚಿನ ಹಸಿಮಣ್ಣಿನಲ್ಲಿ ಹಕ್ಕಿಗಳ ಹೆಜ್ಜೆಗುರುತನ್ನು ನೋಡಿರಿ. ಕಾಗೆಗೂ ಗುಬ್ಬಿಗೂ ಕಾಲಿನ ಮೂರು ಬೆರಳುಗಳು ಮುಂದಕ್ಕೆ, ಒಂದು ಹಿಂದಕ್ಕೆ ಇರುತ್ತವೆ. ಆದುದರಿಂದ ಅವುಗಳ ಹೆಜ್ಜೆ ಒಂದೇ ಬಿಂದುವಿನಿಂದ ಸಿಡಿದ ನೇರ ಗೀಟುಗಳಂತೆ ಮೂಡುತ್ತದೆ. ಕನ್ನಡದ ಅಕ್ಷರಗಳಾದರೋ ದುಂಡನೆಯವು. ದುಂಡುತನ ಕೆಟ್ಟು ಗೀಟುಗಳಷ್ಟೇ ಉಳಿದರೆ ಬರಹಕ್ಕೆ ಹಕ್ಕಿಯ ಕಾಲಿನ ಹೋಲಿಕೆ ಸಲ್ಲುತ್ತದೆ. ಎರಡು ಹಕ್ಕಿಗಳೇಕೆ? ಕಾಗೆಯ ಹೆಜ್ಜೆ ದೊಡ್ಡದು. ಅದು ಸಾಮಾನ್ಯವಾಗಿ ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತದೆ. ಗುಬ್ಬಿಯದು ಚಿಕ್ಕದು, ಅದು ಎರಡು ಕಾಲುಗಳನ್ನೂ ಜೋಡಿಸಿ ಕುಪ್ಪಳಿಸುತ್ತದೆ. ಅಕ್ಷರಗಳ ಗಾತ್ರದಲ್ಲಿಯೂ ಅಂತರದಲ್ಲಿಯೂ ಸಮತೆ ಇಲ್ಲವೆಂಬ ಎರಡು ದೋಷಗಳನ್ನು ಈ ಜೋಡಿಮಾತು ಒಟ್ಟಿಗೆ ಸೂಚಿಸುವಂತೆ ನಮಗೆ ತೋರುತ್ತದೆ.

ಇಂತಹ ಕಲ್ಪನೆ ನಮ್ಮಲ್ಲಿ ಮಾತ್ರವಲ್ಲ. ತಮಿಳರು ‘ಕೋಳಿಯ ಗೀಚು’ ಎನ್ನುತ್ತಾರೆ. ಜರ್ಮನರು ‘ಕಾಗೆಯ ಕಾಲು’ ಎಂದರೆ ಫ್ರೆಂಚರು ‘ನೊಣದ ಕಾಲು’ ಎನ್ನುತ್ತಾರೆ. ಆದರೆ ಹಿಂದಿನ ಲೆಕ್ಕಪತ್ರಗಳಲ್ಲಿ ಕಾಣುವ ಮೋಡಿ ಬರಹವನ್ನು ಕಾಗೆಕಾಲೆಂದು ಹಳಿಯುವುದು ಸಲ್ಲದು. ಅದು ವೇಗಕ್ಕಾಗಿ ಕೂಡಿಸಿ ಬರೆದ, ಬಲ್ಲವರು ಓದಬಲ್ಲ ಬರಹ.

ಕೆಟ್ಟ ಬರಹದಿಂದ ಹಾನಿಯೇನು? ‘ದನ’ಕ್ಕೂ ‘ಧನ’ಕ್ಕೂ ಇರುವ ಭೇದ ಒಂದು ಸಣ್ಣ ಸೀಳು ಮಾತ್ರ. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರನ್ನೇ ತೆಗೆದುಕೊಳ್ಳಿರಿ. ಮೊದಲ ಅಕ್ಷರದ ಸ್ವರಚಿಹ್ನೆ ಕೆಟ್ಟರೆ ಅದು ‘ಮಾಲೂರು’ ಆಗಬಹುದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗುವವರೆಗೆ ಎರಡೂ ಕೋಲಾರ ಜಿಲ್ಲೆಯ ಊರುಗಳೇ. ಜಿಲ್ಲೆಯ ಹೆಸರು ನೋಡಿ ಸಂದೇಹ ತೀರುವಂತಿರಲಿಲ್ಲ. 1972ರಲ್ಲಿ ಬಂದ ಪಿನ್‌ಕೋಡ್ ಇಂತಹ ಗೊಂದಲವನ್ನು ತಗ್ಗಿಸಿತು. ಆದರೆ ಅದರ ಅಂಕಿಗಳೂ ಸ್ಪಷ್ಟವಾಗಿರಬೇಕಷ್ಟೆ. ಔಷಧದ ಚೀಟಿಯಲ್ಲಿ ಇಂತಹ ತಪ್ಪು ಪ್ರಾಣಕ್ಕೇ ಎರವಾದೀತು. ಅದಕ್ಕಾಗಿಯೇ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮವನ್ನು ತಿದ್ದಿ, ಔಷಧದ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವಿಧಿಸಿತು.

ಬರಹ ಸುಂದರವಾಗಿರಲೇಬೇಕೆಂದು ನಾವು ಹೇಳುತ್ತಿಲ್ಲ. ಅಕ್ಷರಗಳು ಒಂದೇ ಗಾತ್ರದಲ್ಲಿರಲಿ, ಪದಗಳ ನಡುವೆ ಸಮನಾದ ಎಡೆಯಿರಲಿ, ತಲೆಕಟ್ಟು, ದೀರ್ಘ, ಒತ್ತುಗಳು ತಮ್ಮ ಸ್ಥಾನದಲ್ಲಿರಲಿ. ಬರೆದುದನ್ನು ಗೆಳೆಯನೊಬ್ಬನಿಗೆ ಕೊಟ್ಟು ಓದಿಸಿರಿ. ಅವನು ತಡವರಿಸುವ ಕಡೆಯಲ್ಲೆಲ್ಲ ತಿದ್ದಿಕೊಂಡರೆ ಬರಹ ತಾನಾಗಿಯೇ ಹಸನಾಗುತ್ತದೆ.