ಕೊಕ್ಕರೆ ರೋಗವೂ ಮಂಜುಗಡ್ಡೆಯೂ

ಭೌತವಿಜ್ಞಾನವನ್ನು ಬೋಧಿಸುವವನಿಗೆ ಕೋಳಿಗಳ ರೋಗದ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕಳೆದ ಬೇಸಗೆಯಲ್ಲಿ ನಮ್ಮ ನೆರೆಯ ವೃದ್ಧೆಯೊಬ್ಬರು ಸಾಕಿದ್ದ ಹದಿನಾಲ್ಕು ಕೋಳಿಗಳ ಪೈಕಿ ಹನ್ನೆರಡು ಒಂದೇ ವಾರದಲ್ಲಿ ಸತ್ತುಹೋದವು. ಮೊಟ್ಟೆ ಮಾರಿದ ಹಣದಿಂದಲೇ ಅವರ ಮನೆಯ ಸಾಮಾನು ಬರಬೇಕು. ಸೋಜಿಗವೆಂದರೆ, ಆ ಕೋಳಿಗಳಿಗೆ ಮೊದಲೇ ಲಸಿಕೆ ಹಾಕಿಸಿಯಾಗಿತ್ತು.

ನಮ್ಮವರು ಇದನ್ನು ಕೊಕ್ಕರೆ ರೋಗವೆನ್ನುವರು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ ಬಳಿಯೂ ಕಾಣಿಸಿಕೊಂಡ ಈ ರೋಗವು ಅದೇ ದಶಕದಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಸಲ್ಪಟ್ಟಿತು. ಆದುದರಿಂದ ಭಾರತದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಇದೆ. ಕೋಳಿಯು ಬಾಯಿ ತೆರೆದು ಏದುಸಿರು ಬಿಡುವುದು. ಹಸಿರು ಬೆರೆತ ಬಿಳಿಯ ಭೇದಿಯಾಗುವುದು. ರೆಕ್ಕೆ ಜೋತುಬಿದ್ದು ಕತ್ತು ತಿರುಚಿಕೊಳ್ಳುವುದು. ಮರಿಗಳ ರಕ್ತಭೇದಿಗೆ ಔಷಧವುಂಟು, ನೆಲವನ್ನು ಒಣಗಿಸಿಟ್ಟರೆ ಅದು ಹರಡುವುದೂ ಕಡಿಮೆಯಾಗುವುದು. ಕೊಕ್ಕರೆ ರೋಗವಾದರೋ ವೈರಸ್ಸಿನಿಂದ ಬರತಕ್ಕದ್ದು. ತಗುಲಿದ ಮೇಲೆ ಮದ್ದಿಲ್ಲ. ಲಸಿಕೆಯೊಂದೇ ಗತಿ.

ಆದರೆ ಸಾಮಾನ್ಯವಾಗಿ ಬಳಸುವ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್. ಅದನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜು ಕರಗದೆಯೇ ನೇರವಾಗಿ ಆವಿಯಾಗುವಂತೆ ಮಾಡಿ, ಉಳಿದ ಒಣಸರಕನ್ನು ಸೀಸೆಯಲ್ಲಿ ತುಂಬುವರು. ಸೀಸೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನಲ್ಲಿಡಬೇಕು. ಕಾವು ಏರಿದಂತೆ ವೈರಸ್ ನಾಶವಾಗುತ್ತ ಹೋಗುವುದು. ಹೊರನೋಟಕ್ಕೆ ಮಾತ್ರ ಯಾವ ವ್ಯತ್ಯಾಸವೂ ಕಾಣದು. ನೆರೆಮನೆಯ ಸೀಸೆಯು ಬರಿಯ ಕೈಚೀಲದಲ್ಲಿ, ಬಿಸಿಲಿನಲ್ಲಿ, ಮೂರು ಗಂಟೆ ಬಸ್ಸಿನ ಪಯಣ ಮಾಡಿತ್ತು!

ಇಲ್ಲಿ ಗುಪ್ತೋಷ್ಣವು ನೆರವಿಗೆ ಬರುವುದು. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಕರಗಿದ ನೀರು 8 ಡಿಗ್ರಿಗೇರಲು ಎಂಟೇ ಕ್ಯಾಲೊರಿ ಸಾಕು. ಎಂದರೆ, ಫ್ಲಾಸ್ಕಿನಲ್ಲಿ ಮಂಜಿನ ಚೂರು ಉಳಿದಿರುವವರೆಗೆ ಲಸಿಕೆಗೆ ಅಪಾಯವಿಲ್ಲ; ಕೊನೆಯ ಚೂರು ಕರಗಿತೆಂದರೆ ಉಳಿದ ರಕ್ಷಣೆ ಹತ್ತರಲ್ಲೊಂದು ಪಾಲು ಮಾತ್ರ. ಆದಕಾರಣ "ನೀರು ತಣ್ಣಗಿದೆ" ಎಂಬ ಮಾತನ್ನು ನಂಬದೆ, ಮುಚ್ಚಳ ತೆರೆದು ಮಂಜು ಇದೆಯೇ ಎಂದು ನೋಡಬೇಕು.

ಕಲಸಿದ ಲಸಿಕೆಯನ್ನು ಎರಡು ಗಂಟೆಯೊಳಗೆ ಮುಗಿಸತಕ್ಕದ್ದು. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು ಎಂಟು ವಾರಗಳಾದಾಗ ರೆಕ್ಕೆಯ ಚರ್ಮದಡಿ ಚುಚ್ಚುಮದ್ದು. ಕುಡಿಯುವ ನೀರಿನಲ್ಲಿ ಕೊಡುವ ಲಸಿಕೆಯಾದರೆ ಕ್ಲೋರಿನ್ ಬೆರೆತ ನಲ್ಲಿಯ ನೀರು ಕೂಡದು, ಅದೂ ವೈರಸ್ಸನ್ನು ಕೊಲ್ಲುವುದು. ಸತ್ತ ಕೋಳಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ನೆರೆಯ ಅಜ್ಜಿ ಈಗ ಹೊಸ ಮರಿಗಳನ್ನು ತರಿಸಿದ್ದಾರೆ. ಲಸಿಕೆ ತರಲು ಫ್ಲಾಸ್ಕು ನಮ್ಮ ಮನೆಯಿಂದ ಹೋಗಿದೆ.