ನಕಾಶೆಯಲ್ಲಿ ಕಾಲುವೆಯ ಗೆರೆ ಎಳೆಯುವ ಕ್ರಮ

ಸದಸ್ಯ ಬಾಂಧವರಲ್ಲಿ ಅನೇಕರು ‘ದಿಶಾಂಕ್’ ಆಪ್‌ನಲ್ಲಿ ತಮ್ಮ ಸರ್ವೆ ನಂಬರು ನೋಡಿಕೊಳ್ಳುವುದುಂಟು. ಅದನ್ನು ಸಿದ್ಧಪಡಿಸಿದ್ದು ಯಲಹಂಕದ ಸಮೀಪ ದೊಡ್ಡಬೆಟ್ಟಹಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಆದರೆ ನಮ್ಮ ತೋಟದೊಳಗಿನ ಬಸಿಗಾಲುವೆ, ಪೈಪು, ಕಾಲುದಾರಿಗಳು ಅದರಲ್ಲಿ ಸಿಗುವುದಿಲ್ಲ. ಅವನ್ನು ನಾವೇ ಬರೆದಿಡಬೇಕು. ಕಾಲುವೆಯ ಜಾಡು ಹಿರಿಯರ ತಲೆಯಲ್ಲಷ್ಟೇ ಉಳಿದರೆ, ಅವರ ನಂತರ ಹೂಳು ತೆಗೆಯುವವರಿಗೆ ದಿಕ್ಕು ತೋಚದು. ಈ ಕೆಲಸಕ್ಕೆ ಒದಗುವ ಕ್ಯೂಜಿಐಎಸ್ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ತೋಟದ ಕಾಲುವೆ ಮರದ ನೆರಳಲ್ಲಿ ಅಡಗಿರುತ್ತದೆ. ಆದ್ದರಿಂದ ಕೈ ಕೂಡುವ ತನಕ ಉಪಗ್ರಹ ಚಿತ್ರದಲ್ಲಿ ಎದ್ದು ಕಾಣುವ ಕೆರೆಗಳ ಮೇಲೆ ಅಭ್ಯಾಸ ಮಾಡುವುದು ಲೇಸು. ಬೆಂಗಳೂರಿನ ಯಲಹಂಕ ಕೆರೆಯ ಹೆಚ್ಚುವರಿ ನೀರು ಜಕ್ಕೂರು ಕೆರೆಗೂ ಅಲ್ಲಿಂದ ರಾಚೇನಹಳ್ಳಿ ಕೆರೆಗೂ ಹೋಗುತ್ತದೆ. 2021ರ ನವೆಂಬರ್ ಮತ್ತು 2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನೀರಿನ ದಾರಿಯನ್ನು ಸರಿಯಾಗಿ ಅರಿಯುವುದರ ಬೆಲೆ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ.

ಕ್ರಮ ಹೀಗಿದೆ:

1. ಹೊಸ ‘ಲೈನ್’ ಪದರ ತೆರೆಯಿರಿ. ಅಳತೆಗೆ ಯುಟಿಎಂ 43 ಉತ್ತರ ವಲಯ ಆರಿಸಿರಿ. ಬೆಂಗಳೂರು, ಕೊಡಗು, ಮಲೆನಾಡು ಎಲ್ಲವೂ ಇದೇ ವಲಯದಲ್ಲಿವೆ. ಉದ್ದ ಮೀಟರಿನಲ್ಲಿ ಬರುತ್ತದೆ.

2. ಪೆನ್ಸಿಲ್ ಗುರುತು ಒತ್ತಿ, ನೀರು ಹೊರಡುವ ಕಡೆಯಿಂದ ಸೇರುವ ಕಡೆಗೆ ಬಿಂದು ಇಡುತ್ತ ಹೋಗಿರಿ. ನೇರವಿದ್ದಲ್ಲಿ ಕಡಿಮೆ, ತಿರುವಿದ್ದಲ್ಲಿ ಹೆಚ್ಚು ಬಿಂದು ಸಾಕು. ಬಲಗುಂಡಿ ಒತ್ತಿದರೆ ಗೆರೆ ಮುಗಿಯುತ್ತದೆ.

3. ‘ಸ್ನ್ಯಾಪಿಂಗ್’ ಮೊದಲೇ ಚಾಲೂ ಇರಲಿ. ಹತ್ತಿರ ತಂದ ತುದಿಯನ್ನು ಅದು ಇನ್ನೊಂದು ಗೆರೆಗೆ ಅಂಟಿಸುತ್ತದೆ. ಕಣ್ಣಿಗೆ ಕೂಡಿದಂತೆ ಕಂಡರೂ ಕೂದಲೆಳೆಯ ಸಂದು ಉಳಿದರೆ, ಕಂಪ್ಯೂಟರಿನ ಲೆಕ್ಕದಲ್ಲಿ ಜಕ್ಕೂರಿಗೆ ನೀರೇ ಬರುವುದಿಲ್ಲ.

4. ತಪ್ಪಿದ ಬಿಂದುವನ್ನು ‘ವರ್ಟೆಕ್ಸ್ ಟೂಲ್’ನಿಂದ ಸರಿಸಿರಿ. ಗೆರೆ ತಿರುಗುಮುರುಗಾಗಿದ್ದರೆ ‘ರಿವರ್ಸ್ ಲೈನ್’ ಇದೆ. ಕೂಡದ ತುದಿಗಳನ್ನು ‘ಟೋಪಾಲಜಿ ಚೆಕರ್’ ಹುಡುಕಿಕೊಡುತ್ತದೆ. ಆಗಾಗ ಸೇವ್ ಮಾಡತಕ್ಕದ್ದು.

ಇನ್ನು ತೋಟಕ್ಕೆ ಬರೋಣ. ಇಲ್ಲಿ ಚಿತ್ರವನ್ನಷ್ಟೇ ನಂಬಿ ಕೂರುವಂತಿಲ್ಲ. ಮೊಬೈಲ್ ಹಿಡಿದು ಕಾಲುವೆಯ ಅಂಚಿನಲ್ಲಿ ನಡೆದು ಜಾಡು ದಾಖಲಿಸಿ, ಅದರ ಮೇಲೆ ಗೆರೆ ಎಳೆಯಬೇಕು. ಮೊಬೈಲಿನ ಜಿಪಿಎಸ್ ಬಯಲಲ್ಲೇ ಕೆಲವು ಮೀಟರು ತಪ್ಪುತ್ತದೆ. ದಟ್ಟ ಮರಗಳ ಕೆಳಗೆ ಇನ್ನೂ ಹೆಚ್ಚು. ಆದುದರಿಂದ ಮೋರಿ, ಬಾವಿ, ಪಂಪ್‌ಹೌಸಿನಂಥ ಗುರುತುಗಳಿಂದ ಟೇಪು ಹಿಡಿದು ತಾಳೆ ನೋಡುವುದು ಒಳ್ಳೆಯದು.

ಒಂದು ಎಚ್ಚರಿಕೆ. ಒಂದು ಗುಂಟೆ ಎಂದರೆ 33 ಅಡಿ ಚೌಕ, ಸುಮಾರು 101 ಚದರ ಮೀಟರು. ನೂರು ಮೀಟರು ಉದ್ದದ ಬೇಲಿಯ ಗೆರೆ ಒಂದೇ ಮೀಟರು ಸರಿದರೆ ಹೆಚ್ಚುಕಡಿಮೆ ಒಂದು ಗುಂಟೆ ಆಚೆಯವರ ಪಾಲಾದಂತೆ, ಇಲ್ಲವೆ ಈಚೆ ಬಂದಂತೆ. ಹೂಳಿನ ಕೂಲಿಗೂ ಪೈಪಿನ ಲೆಕ್ಕಕ್ಕೂ ನಾವೆಳೆದ ಗೆರೆ ಧಾರಾಳವಾಗಿ ಸಾಕು. ಗಡಿಯ ತಕರಾರಿಗೆ ಸಲ್ಲದು. ಅದಕ್ಕೆ ಸರ್ವೆ ಇಲಾಖೆಯ ಅಳತೆಯೇ ಆಧಾರ. ಈ ನಕಾಶೆ ಹಿಡಿದು ನೆರೆಯವರೊಡನೆ ಜಗಳಕ್ಕೆ ನಿಲ್ಲುವುದು ತರವಲ್ಲ.

ಮಳೆಗಾಲಕ್ಕೆ ಮುಂಚೆ ಮುಖ್ಯ ಕಾಲುವೆ ಒಂದನ್ನಾದರೂ ಬರೆದು ಮುಗಿಸಿರಿ. ಮೊದಲ ಜೋರುಮಳೆಯಲ್ಲಿ ಕೊಡೆ ಹಿಡಿದು ಹೋಗಿ, ನೀರು ಗೆರೆಯಂತೆಯೇ ಹರಿಯುತ್ತಿದೆಯೇ ನೋಡಿರಿ. ವ್ಯತ್ಯಾಸ ಕಂಡಲ್ಲಿ ತಿದ್ದಬೇಕಾದುದು ಗೆರೆಯೋ ಕಾಲುವೆಯೋ ಎಂಬುದು ಅಲ್ಲೇ ತಿಳಿದುಹೋಗುತ್ತದೆ.