ಆ್ಯಂಟಿಬಯೋಟಿಕ್ ನುಂಗುವವರಿಗೆ ಹತ್ತು ಸೂತ್ರಗಳು

ಡಾಕ್ಟರ್ ಚೀಟಿ ಬರೆದರು, ಮೆಡಿಕಲ್‌ನವರು ಮಾತ್ರೆ ಕೊಟ್ಟರು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಿಮ್ಮ ಕೈಯಲ್ಲಿದೆ. ಎಂಥ ಒಳ್ಳೆಯ ಆ್ಯಂಟಿಬಯೋಟಿಕ್ ಆದರೂ ಹೊತ್ತು ತಪ್ಪಿ, ಪ್ರಮಾಣ ತಪ್ಪಿ, ಕೂಡದ ಆಹಾರದ ಜೊತೆ ಹೊಟ್ಟೆ ಸೇರಿದರೆ ಕೈಕೊಡುತ್ತದೆ. ಹಾಗಾಗದಿರಲು ಪಾಲಿಸಬೇಕಾದದ್ದು ಇಷ್ಟು.

1. ಕೇಳಿ ಬರೆಸಿಕೊಳ್ಳಬೇಡಿ

ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ನೆಗಡಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯ ಇವೆಲ್ಲ ವೈರಸ್ಸಿನಿಂದ ಬರುವಂಥವು. ಇವಕ್ಕೆ ಅದು ನಾಟುವುದಿಲ್ಲ. "ಸ್ವಲ್ಪ ಸ್ಟ್ರಾಂಗ್ ಆಗಿರೋದು ಬರ್ಕೊಡಿ ಡಾಕ್ಟ್ರೇ" ಎಂಬ ಒತ್ತಾಯ ಬಿಡಿ. "ಇದು ಬ್ಯಾಕ್ಟೀರಿಯಾ ಸೋಂಕೇ? ಆ್ಯಂಟಿಬಯೋಟಿಕ್ ಬೇಕೇಬೇಕಾ?" ಎಂದು ಕೇಳಿ. ಹಾಗೆಂದು ಎಲ್ಲ ಜ್ವರವನ್ನೂ ಕಷಾಯದಲ್ಲೇ ಕಳೆಯಲೂ ಹೋಗಬೇಡಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಗದ್ದೆ ಕೆಲಸದವರಿಗೆ ತಗಲುವ ಇಲಿಜ್ವರ ಬ್ಯಾಕ್ಟೀರಿಯಾದ್ದೇ. ಅದಕ್ಕೆ ಚಿಕಿತ್ಸೆ ತಡವಾದಷ್ಟೂ ಅಪಾಯ.

2. ಕೆಂಪು ಗೆರೆಯನ್ನು ಗುರುತಿಸಿ

ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಎಳೆದಿದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಈ ಗೆರೆಯ ಬಗ್ಗೆ ತಿಳಿವಳಿಕೆ ಮೂಡಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಅಭಿಯಾನವನ್ನೇ ನಡೆಸಿತು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ ಹಲವು ಆ್ಯಂಟಿಬಯೋಟಿಕ್‌ಗಳಿವೆ. ಅವನ್ನು ಮಾರುವ ಅಂಗಡಿಯವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳದೆ ಕೊಡುವ ಅಂಗಡಿಯವರು ನಿಮಗೆ ಉಪಕಾರ ಮಾಡುತ್ತಿಲ್ಲ.

3. ಕೌಂಟರ್ ಬಿಡುವ ಮೊದಲೇ ಓದಿ

ಆರು ಮಾತ್ರೆ ಬೇಕೆಂದರೆ ಅಂಗಡಿಯವರು ಹತ್ತರ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ಕಂದು ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ 1-0-1 ಎಂದು ಗೀಚಿ ಕೊಡುತ್ತಾರೆ. ಎಕ್ಸ್‌ಪೈರಿ ದಿನಾಂಕವಿದ್ದ ತುಂಡು ಎಷ್ಟೋ ಸಲ ಅವರ ಡ್ರಾಯರಿನಲ್ಲೇ ಉಳಿಯುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಔಷಧದ ಹೆಸರು, ಮಿಲಿಗ್ರಾಂ, ದಿನಾಂಕ ನೋಡಿಕೊಳ್ಳಿ, ಬಿಲ್ ಪಡೆಯಿರಿ. ಬ್ರ್ಯಾಂಡ್ ಹೆಸರಿನ ಜೊತೆ ಸಣ್ಣಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನೂ ಓದಿ. ಇಬ್ಬರು ಡಾಕ್ಟರ್‌ಗಳು ಬರೆದ ಎರಡು ಬ್ರ್ಯಾಂಡ್‌ಗಳ ಒಳಗೆ ಒಂದೇ ಅಮಾಕ್ಸಿಸಿಲಿನ್ ಇರಬಹುದು.

4. ನಿಮ್ಮ ಹಳೆಯ ಲೆಕ್ಕ ಒಪ್ಪಿಸಿ

ಹಿಂದೆ ಪೆನಿಸಿಲಿನ್ ಅಥವಾ ಸಲ್ಫಾ ಔಷಧಕ್ಕೆ ಮೈಯೆಲ್ಲ ದದ್ದು ಎದ್ದಿತ್ತೇ? ಕಿಡ್ನಿ, ಲಿವರ್ ತೊಂದರೆ ಇದೆಯೇ? ಗರ್ಭಿಣಿಯೇ, ಮಗುವಿಗೆ ಹಾಲೂಡಿಸುತ್ತಿದ್ದೀರಾ? ಕೇಳುವವರೆಗೂ ಕಾಯದೆ ನೀವೇ ಹೇಳಿ. ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್‌ನ ಪರಿಣಾಮವನ್ನು ಹಲವು ಆ್ಯಂಟಿಬಯೋಟಿಕ್‌ಗಳು ಏರಿಸುತ್ತವೆ. ಕೆಲವು ಶುಗರ್ ಮಾತ್ರೆಗಳ ಜೊತೆ ಸಿಪ್ರೊಫ್ಲಾಕ್ಸಾಸಿನ್ ಸೇರಿದರೆ ಶುಗರ್ ತೀರಾ ಕೆಳಗಿಳಿಯಬಹುದು.

5. ಗಂಟೆಗಳನ್ನು ಸಮನಾಗಿ ಹಂಚಿ

1-0-1 ಎಂದರೆ ಹೆಚ್ಚುಕಡಿಮೆ ಹನ್ನೆರಡು ಗಂಟೆಗೊಮ್ಮೆ, 1-1-1 ಎಂದರೆ ಎಂಟು ಗಂಟೆಗೊಮ್ಮೆ. ಬೆಳಿಗ್ಗೆ ಹತ್ತಕ್ಕೆ ಒಂದು, ಮಧ್ಯಾಹ್ನ ಒಂದಕ್ಕೆ ಇನ್ನೊಂದು, ರಾತ್ರಿ ಎಂಟಕ್ಕೆ ಮತ್ತೊಂದು ನುಂಗಿದರೆ ರಾತ್ರಿಯಿಡೀ ರಕ್ತದಲ್ಲಿ ಔಷಧದ ಮಟ್ಟ ಇಳಿದಿರುತ್ತದೆ. ಬೆಳಿಗ್ಗೆ ಏಳು, ಮಧ್ಯಾಹ್ನ ಮೂರು, ರಾತ್ರಿ ಹನ್ನೊಂದು ಎಂದು ಮೊಬೈಲಿನಲ್ಲಿ ಅಲಾರಂ ಇಡಿ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಸರಿದೂಗಿಸಲು ಎರಡನ್ನು ಒಟ್ಟಿಗೆ ನುಂಗಬೇಡಿ.

6. ಏನು ಉಂಡಿರಿ, ಏನು ಕುಡಿದಿರಿ ಎಂಬುದೂ ಔಷಧದ ಭಾಗವೇ

ಜ್ವರ ಬಂದವರಿಗೆ ನಮ್ಮಲ್ಲಿ ಮೊಸರನ್ನ, ಹಾಲು ಬೆರೆಸಿದ ರಾಗಿ ಮಾಲ್ಟ್, ರಾತ್ರಿ ಬಿಸಿ ಹಾಲು ಕೊಡುವ ರೂಢಿಯಿದೆ. ಎಲ್ಲ ಆ್ಯಂಟಿಬಯೋಟಿಕ್‌ಗಳಿಗೂ ಇದು ಅಡ್ಡಿಯಲ್ಲ. ಆದರೆ ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲು, ಮೊಸರಿನ ಜೊತೆ ನುಂಗಿದರೆ ಅವುಗಳಲ್ಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಔಷಧವನ್ನು ಹಿಡಿದಿಟ್ಟುಕೊಂಡು, ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಐರನ್, ಕ್ಯಾಲ್ಸಿಯಂ, ಜಿಂಕ್ ಮಾತ್ರೆಗಳು, ಅಲ್ಯೂಮಿನಿಯಂ-ಮೆಗ್ನೀಷಿಯಂ ಇರುವ ಆ್ಯಂಟಾಸಿಡ್ ಸಿರಪ್‌ಗಳ ಕತೆಯೂ ಇದೇ. ಸಿಪ್ರೊಫ್ಲಾಕ್ಸಾಸಿನ್ ಮೊದಲು ನುಂಗಿದರೆ ಇವುಗಳಿಗೆ ಎರಡು ಗಂಟೆ ಬಿಡಿ. ಇವನ್ನೇ ಮೊದಲು ತೆಗೆದುಕೊಂಡಿದ್ದರೆ ಸಿಪ್ರೊಫ್ಲಾಕ್ಸಾಸಿನ್‌ಗೆ ಆರು ಗಂಟೆ ಕಾಯಿರಿ.

ಇಲಿಜ್ವರಕ್ಕೆ, ಸ್ಕ್ರಬ್ ಟೈಫಸ್‌ಗೆ ಕೊಡುವ ಡಾಕ್ಸಿಸೈಕ್ಲಿನ್‌ಗೂ ಐರನ್ ಮಾತ್ರೆ, ಆ್ಯಂಟಾಸಿಡ್ ಆಗದು. ಅದನ್ನು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲೇ ಸಿಕ್ಕಿ ಹುಣ್ಣು ಮಾಡೀತು. ಲೋಟ ತುಂಬ ನೀರು ಕುಡಿಯಿರಿ, ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಿ, ಸುಡುಬಿಸಿಲಿಗೆ ಮೈಯೊಡ್ಡಬೇಡಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದರೆ ಊಟ ಶುರುಮಾಡುವಾಗ ನುಂಗಿ. ಹೊಟ್ಟೆ ಕೆಡುವುದು ಕಡಿಮೆ. ಮೆಟ್ರೊನಿಡಜೋಲ್ ನುಂಗುವವರು ಕೋರ್ಸ್ ಮುಗಿದು ಮೂರು ದಿನದವರೆಗೂ ಮದ್ಯ ಮುಟ್ಟಬಾರದು. ಆಲ್ಕೋಹಾಲ್ ಬೆರೆತ ಕೆಮ್ಮಿನ ಸಿರಪ್ಪೂ ಬೇಡ.

7. ಮಕ್ಕಳ ಸಿರಪ್ ಬೆರೆಸುವುದನ್ನು ಕಲಿಯಿರಿ

ಬಾಟಲಿಯಲ್ಲಿ ಪುಡಿಯಿದ್ದರೆ ಮೊದಲು ತಟ್ಟಿ ಉದುರಾಗಿಸಿ. ಕುದಿಸಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಕುಲುಕಿ. ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ಪ್ರತಿಸಲ ಕೊಡುವ ಮುನ್ನವೂ ಕುಲುಕಬೇಕು. ಇಲ್ಲದಿದ್ದರೆ ಮೊದಲ ದಿನ ತೆಳು ನೀರು, ಕೊನೆಯ ದಿನ ಗಟ್ಟಿ ಮದ್ದು ಮಗುವಿನ ಬಾಯಿಗೆ ಬೀಳುತ್ತದೆ. ಅಡುಗೆಮನೆಯ ಚಮಚ ಬೇಡ, ಜೊತೆಗೆ ಬಂದ ಅಳತೆಯ ಮುಚ್ಚಳದಲ್ಲೇ ಅಳೆಯಿರಿ. ಬೆರೆಸಿದ ದಿನಾಂಕವನ್ನು ಬಾಟಲಿ ಮೇಲೆ ಬರೆದಿಡಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಫ್ರಿಜ್‌ನಲ್ಲಿರಬೇಕು, ಏಳು ದಿನದ ಮೇಲೆ ಬಳಸಬಾರದು. ಬೇರೆಯವಕ್ಕೆ ಲೇಬಲ್ ನೋಡಿ.

8. ಜ್ವರ ಇಳಿದ ದಿನ ಕೋರ್ಸ್ ಮುಗಿಯುವುದಿಲ್ಲ

ಎರಡನೇ ದಿನಕ್ಕೆ ಮೈ ಹಗುರಾದರೆ "ಇನ್ನೇನು ವಾಸಿಯಾಯ್ತಲ್ಲ" ಎನಿಸುವುದು ಸಹಜ. ಆದರೂ ಎಷ್ಟು ದಿನ ಎಂಬುದನ್ನು ಡಾಕ್ಟರೇ ತೀರ್ಮಾನಿಸಲಿ. ಸಾಮಾನ್ಯ ನ್ಯುಮೋನಿಯಾಕ್ಕೆ ಐದು ದಿನ ಸಾಕಾಗಬಹುದು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ನೀವಾಗಿಯೇ ನಿಲ್ಲಿಸುವುದೂ ತಪ್ಪು, "ಇನ್ನೆರಡು ದಿನ ಇರಲಿ" ಎಂದು ಎಳೆಯುವುದೂ ತಪ್ಪು. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ಪ್ರಮಾಣ ಕಡಿಮೆಯಾದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂದು 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು.

9. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು

ತುಸು ಹೊಟ್ಟೆ ತೊಳಸುವುದು, ಒಂದೆರಡು ಸಲ ಭೇದಿ, ಬಾಯಿ ರುಚಿ ಕೆಡುವುದು ಸಾಮಾನ್ಯ. ನೀರು, ಓಆರ್‌ಎಸ್ ಕುಡಿಯಿರಿ. ಮೈಯಲ್ಲಿ ದದ್ದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ ನೋವು ಕಾಣಿಸಿದರೆ ಮುಂದಿನ ಮಾತ್ರೆ ನುಂಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ರಕ್ತ ಬೆರೆತ ಅಥವಾ ನಿಲ್ಲದ ಭೇದಿಗೂ ಅಷ್ಟೇ. ಇದು ಕೋರ್ಸ್ ಮುಗಿದು ವಾರಗಳಾದ ಮೇಲೂ ಬರಬಹುದು. ತುಟಿ, ನಾಲಿಗೆ, ಮುಖ ಊದಿಕೊಂಡು ಉಸಿರು ಕಟ್ಟಿದರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ.

10. ಡಬ್ಬಿಯಲ್ಲಿ ಕೂಡಿಡಬೇಡಿ, ಹಂಚಬೇಡಿ

ಉಳಿದ ನಾಲ್ಕು ಮಾತ್ರೆ ಮುಂದಿನ ಜ್ವರಕ್ಕಲ್ಲ, ಪಕ್ಕದ ಮನೆಯವರಿಗೂ ಅಲ್ಲ. ಅವರ ಸೋಂಕು ಬೇರೆ, ಅಲರ್ಜಿ ಬೇರೆ, ತೂಕ ಬೇರೆ. ಬಚ್ಚಲಿಗೆ, ಚರಂಡಿಗೆ ಸುರಿದರೆ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಔಷಧ ಎದುರಿಸುವ ತಾಲೀಮು ಕೊಟ್ಟಂತೆ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧವನ್ನು ಮನೆಯ ಅಪಾಯಕಾರಿ ಕಸವೆಂದೇ ಗುರುತಿಸಿದ್ದವು. ಅದನ್ನು ಬೇರೆಯಾಗಿ ಕಟ್ಟಿ, ಏನೆಂದು ಹೇಳಿ ಕಸದ ಗಾಡಿಯವರಿಗೆ ಕೊಡಿ.

ಇಷ್ಟೂ ನೆನಪಿಡಲಾಗದಿದ್ದರೆ ಮೂರೇ ಮಾತು ಇಟ್ಟುಕೊಳ್ಳಿ: ಯಾರಿಗೆ ಬರೆದರೋ ಅವರಿಗೆ ಮಾತ್ರ, ಬರೆದ ಹೊತ್ತಿಗೆ, ಬರೆದಷ್ಟು ದಿನ. ಅನುಮಾನ ಬಂದರೆ ಡಾಕ್ಟರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಕೇಳಲು ಸಂಕೋಚ ಬೇಡ.